ನಾನು ಅಳಿಸಿದ ಮೂರು ಕಾಮೆಂಟು

ನಮ್ಮ ಮನೆಯವರು ಪುಕ್ಕಲು ಆಸಾಮಿ. ಇದನ್ನು ಅವರ ಬೆನ್ನ ಹಿಂದೆ ಹೇಳುತ್ತಿಲ್ಲ, ಇಪ್ಪತ್ತೆರಡು ವರ್ಷದಿಂದ ಎದುರಿಗೇ ಹೇಳುತ್ತಾ ಬಂದಿದ್ದೇನೆ. ನಾಯಿ ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಾರೆ. ಡಾಕ್ಟರು ಸೂಜಿ ತೆಗೆದರೆ ಕಣ್ಣು ಮುಚ್ಚಿ ನನ್ನ ಕೈ ಹುಡುಕುತ್ತಾರೆ. ಯಾರಾದರೂ ಮೈಕು ಹಿಡಿದು ಇವರ ಕಡೆ ಬಂದರೆ ಕೈ ತೊಳೆಯುವ ನೆಪದಲ್ಲಿ ಮಾಯ. ಇಂಥ ಮನುಷ್ಯ ಹೊಟ್ಟೆಪಾಡಿಗೆ ಮಾಡುವುದು ಲಿಫ್ಟ್ ರಿಪೇರಿ. ಆರು ಮಹಡಿ ಆಳದ ಕತ್ತಲ ಬಾವಿಯಲ್ಲಿ ಲಿಫ್ಟಿನ ನೆತ್ತಿಯ ಮೇಲೆ ನಿಂತು ಗ್ರೀಸು ಹಚ್ಚುವಾಗ ಇವರಿಗೆ ಭಯವಿಲ್ಲವೇ ಎಂದು ಒಮ್ಮೆ ಕೇಳಿದ್ದೆ. "ಭಯ ಇರೋದಕ್ಕೇ ಕಣೇ ಇಷ್ಟು ವರ್ಷ ಬದುಕಿರೋದು" ಅಂದಿದ್ದರು.

ಆ ಬಾವಿಯೊಳಗೆ ಮಾತ್ರ ಇವರು ಹಾಡುತ್ತಾರೆ. ಮನೆಯಲ್ಲಿ ಇಲ್ಲ, ಬಚ್ಚಲಲ್ಲೂ ಇಲ್ಲ. ಮದುವೆಯಾದ ಹೊಸತರಲ್ಲಿ ಊಟದ ಡಬ್ಬಿ ಮರೆತು ಹೋಗಿದ್ದರು ಎಂದು ಕೊಡಲು ಹೋಗಿದ್ದೆ. ಮೂರನೇ ಮಹಡಿ ಹತ್ತುವಾಗ ಗೋಡೆಯೇ ಹಾಡುತ್ತಿದೆ ಅನ್ನಿಸಿ ನಿಂತುಬಿಟ್ಟೆ. ಕೆಳಗಿಂದ ಮೇಲಕ್ಕೆ ತೇಲಿ ಬರುವ, ತನ್ನದೇ ಪ್ರತಿಧ್ವನಿಯ ಜೊತೆ ಸೇರಿಕೊಳ್ಳುವ ದನಿ. ಅದು ಈ ಮನುಷ್ಯನದು ಎಂದು ನಂಬಲು ನನಗೆ ಅರ್ಧ ಗಂಟೆ ಬೇಕಾಯಿತು. ಆಳು ಕಾಣದೆ ಬರೀ ದನಿ ಕೇಳಿಸುತ್ತದೆ ಅಂತ ಜೊತೆ ಕೆಲಸದವರು ಇವರಿಗೆ ರೇಡಿಯೊ ಎಂದು ಹೆಸರಿಟ್ಟಿದ್ದಾರೆ. ಹಾಡುಗಳೂ ಅವರವೇ, ಕೆಲಸ ಮಾಡುತ್ತಾ ಕಟ್ಟಿದವು. ಯಾರ ಮನೆಗೆ ಯಾರು ಬಂದರೋ, ಯಾರು ಬರಲಿಲ್ಲವೋ ಎಂಬಂಥ ಸಾದಾ ಸಾಲುಗಳು.

ವಾದ್ಯಗಳ ಅಂಗಡಿಯವರೊಬ್ಬರು ಹವ್ಯಾಸಿಗಳಿಗಾಗಿ ಹಾಡಿನ ವಿಡಿಯೊ ಸ್ಪರ್ಧೆ ಇಟ್ಟಾಗ ಅಪ್ಪನ ಹೆಸರು ಕೊಟ್ಟು ಬಂದವಳು ಮಗಳು. ಕೊಟ್ಟ ಮೇಲೆ ಹೇಳಿದಳು. ಇವರು ಎರಡು ದಿನ ಅವಳ ಜೊತೆ ಮಾತು ಬಿಟ್ಟರು. ಮೂರನೇ ದಿನ ತಾವೇ ಬಂದು, "ಲಿಫ್ಟ್ ಒಳಗೆ ಆದ್ರೆ ಹಾಡ್ತೀನಿ. ಬೇರೆ ಎಲ್ಲೂ ಆಗಲ್ಲ" ಎಂದರು.

ಭಾನುವಾರ ಬೆಳಿಗ್ಗೆ ಒಂದು ಹಳೆಯ ಕಟ್ಟಡದಲ್ಲಿ ಇವರಿಗೆ ತಿಂಗಳ ಸರ್ವಿಸ್ ಇತ್ತು. ಆರು ಮಹಡಿ, ಕೆಳಗೆ ಆಫೀಸುಗಳು, ಮೇಲೆ ಮನೆಗಳು. ಜೊತೆಯ ಮೆಕ್ಯಾನಿಕ್ ರಜೆಯಲ್ಲಿದ್ದ. ಮಗಳೂ ನಾನೂ ಹೋದೆವು.

ಆ ಲಿಫ್ಟಿನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಪ್ರತಿ ಮಹಡಿಯಲ್ಲೂ ಕೈಯಲ್ಲಿ ಎಳೆದು ತೆರೆಯುವ ಬಾಗಿಲು. ಬಾಗಿಲ ಚೌಕಟ್ಟಿನ ತಲೆಯ ಮೇಲೆ, ಬಾವಿಯ ಒಳಬದಿಗೆ, ಒಂದು ಪುಟ್ಟ ಸ್ವಿಚ್. ಬಾಗಿಲು ಪೂರ್ತಿ ಮುಚ್ಚಿದರೆ ಮಾತ್ರ ಅದು ಒತ್ತಿಕೊಳ್ಳುತ್ತದೆ, ಆಗ ಮಾತ್ರ ಲಿಫ್ಟ್ ಅಲ್ಲಾಡುತ್ತದೆ. ಯಾವ ಮಹಡಿಯಲ್ಲೇ ಆಗಲಿ ಬಾಗಿಲು ಬೆರಳಗಲ ತೆರೆದಿದ್ದರೂ ನಿಂತಲ್ಲೇ ನಿಲ್ಲುತ್ತದೆ. ರಿಪೇರಿಯವರಿಗೆ ಕೆಲವೊಮ್ಮೆ ಬಾಗಿಲು ತೆರೆದಿಟ್ಟುಕೊಂಡೇ ಲಿಫ್ಟನ್ನು ನಿಧಾನವಾಗಿ ಓಡಿಸಿ ನೋಡಬೇಕಾಗುತ್ತದೆ. ಆಗ ಆ ಸ್ವಿಚ್ಚಿನ ಎರಡು ತುದಿಗೆ ಗೇಣುದ್ದದ ಕೆಂಪು ವೈರ್ ಸಿಕ್ಕಿಸುತ್ತಾರೆ. ಬಾಗಿಲು ಮುಚ್ಚಿದೆ ಎಂದು ಲಿಫ್ಟಿಗೆ ಸುಳ್ಳು ಹೇಳುವ ವೈರ್ ಅದು. ಕೆಲಸ ಮುಗಿದ ಕೂಡಲೇ ತೆಗೆಯಬೇಕು. ತೆಗೆಯದಿದ್ದರೆ ಬಾಗಿಲು ಅರೆಬರೆ ತೆರೆದಿದ್ದರೂ ಲಿಫ್ಟ್ ತನ್ನ ಪಾಡಿಗೆ ಬೇರೆ ಮಹಡಿಗೆ ಹೋಗಿಬಿಡುತ್ತದೆ. ಆಮೇಲೆ ಬಂದವರು ಬಾಗಿಲು ಎಳೆದರೆ ಆಚೆ ನೆಲ ಇರುವುದಿಲ್ಲ.

ಇವರಿಗೆ ಕೆಲಸ ಕಲಿಸಿದ ಮೇಸ್ತ್ರಿ ಒಂದು ಪದ್ಧತಿ ಹಾಕಿಕೊಟ್ಟಿದ್ದರು. ಕೆಂಪು ವೈರ್ ಸಿಕ್ಕಿಸಿದ ಕ್ಷಣವೇ ಎಡಗೈಯ ವಾಚ್ ಬಿಚ್ಚಿ ಬಲಗೈಗೆ ಕಟ್ಟಬೇಕು. ವೈರ್ ತೆಗೆದ ಮೇಲೆ ವಾಚ್ ವಾಪಸ್ ಎಡಗೈಗೆ. ಬಲಗೈಯಲ್ಲಿ ವಾಚ್ ಇರುವ ತನಕ ಕಟ್ಟಡದ ಹೊಸಿಲು ದಾಟುವ ಹಾಗಿಲ್ಲ. ಆ ಮೇಸ್ತ್ರಿಯ ಕೈಕೆಳಗೆ ಕಲಿತವರೆಲ್ಲ ಹೀಗೇ ಮಾಡುತ್ತಾರಂತೆ.

ಆವತ್ತು ನಾಲ್ಕನೇ ಮಹಡಿಯ ಬಾಗಿಲು ತೆರೆದಿಟ್ಟು, ವೈರ್ ಸಿಕ್ಕಿಸಿ, ವಾಚ್ ಬಲಗೈಗೆ ಕಟ್ಟಿ ಇವರು ಲಿಫ್ಟಿನ ನೆತ್ತಿಯ ಮೇಲೆ ನಿಂತರು. ಆ ಬಾಗಿಲಿನ ಚಿಲಕವೂ ಸವೆದಿದೆ, ಹೊಸದಕ್ಕೆ ಬರೆದು ಹಾಕಿದ್ದೇನೆ ಎಂದು ನನಗೆ ಹೇಳುತ್ತಲೇ ಇದ್ದರು. ಭಯವಾದಾಗ ಇವರು ಕೆಲಸದ ಮಾತು ಜಾಸ್ತಿ ಆಡುತ್ತಾರೆ. ಮಗಳು ಫೋನಿನಲ್ಲಿ ನೋಡಿ, "ಅಪ್ಪಾ, ವಾಚ್ ಮೇಲೆ ಲೈಟ್ ಬಿದ್ದು ಕಣ್ಣಿಗೆ ಹೊಡೀತಿದೆ. ತೆಗೀರಿ ಅದನ್ನ" ಎಂದಳು. ಇವರು ಹಿಂದೆ ಮುಂದೆ ನೋಡಿದರು.

"ಕೊಡ್ರೀ ಇಲ್ಲಿ" ಅಂತ ಕೈ ಚಾಚಿದವಳು ನಾನು. ಬಿಚ್ಚಿ ಕೊಟ್ಟರು. ನನ್ನ ಕೈಚೀಲದೊಳಗೆ ಹಾಕಿಕೊಂಡೆ.

ಹಾಡು ಚೆನ್ನಾಗಿ ಬಂತು. ಎಷ್ಟು ಚೆನ್ನಾಗಿ ಬಂತೆಂದರೆ ಮನೆಗಳ ಬಾಗಿಲು ಒಂದೊಂದಾಗಿ ತೆರೆದುಕೊಂಡವು. ನಾಲ್ಕನೇ ಮಹಡಿಯ ಒಂದು ಮನೆಯಿಂದ ಕಪ್ಪು ಕನ್ನಡಕದ ಅಜ್ಜಿಯೊಬ್ಬರು ಗೋಡೆ ಹಿಡಿದುಕೊಂಡು ಬಂದು ನಿಂತರು. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ಕಣ್ಣಿನ ಆಪರೇಷನ್ ಆಗಿ ಹೆಚ್ಚು ದಿನವಾಗಿಲ್ಲ ಎಂದು ನೋಡಿದೊಡನೆ ಗೊತ್ತಾಯಿತು. "ಇನ್ನೊಂದ್ಸಲ ಹಾಡಪ್ಪಾ" ಎಂದರು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಅಷ್ಟು ಜನರನ್ನು ಕಂಡು ಇವರ ಮುಖ ಕೆಂಪಾಯಿತು. ಮಗಳು ಫೋನನ್ನು ಲಿಫ್ಟಿನ ನೆತ್ತಿಯ ಮೇಲೆ ಮೇಲ್ಮುಖವಾಗಿಟ್ಟು, ಬಾಗಿಲು ಮುಚ್ಚಿ ಕತ್ತಲಾಗುವ ಕೊನೆಯ ದೃಶ್ಯ ತೆಗೆದಳು. ಇವರು ಮತ್ತೆ ಬಾಗಿಲು ತೆರೆದು ಅದನ್ನು ಎತ್ತಿಕೊಟ್ಟು, ಬಾಗಿಲು ಎಳೆದು, ಗಡಿಬಿಡಿಯಲ್ಲಿ ಸಾಮಾನು ಚೀಲಕ್ಕೆ ತುಂಬಿ, ಲಿಫ್ಟ್ ಚಾಲೂ ಮಾಡಿ, ಓಡುವವರ ಹಾಗೆ ಮೆಟ್ಟಿಲಿಳಿದರು. ವಾಚನ್ನು ನಾನು ರಾತ್ರಿ ಊಟಕ್ಕೆ ಕೂತಾಗ ಕೊಟ್ಟೆ. ಎಡಗೈಗೆ ಕಟ್ಟಿಕೊಂಡರು.

ಬುಧವಾರ ಮಗಳು ತನ್ನ ಖಾತೆಯಿಂದ ವಿಡಿಯೊವನ್ನು ಸ್ಪರ್ಧೆಯ ಪುಟಕ್ಕೆ ಹಾಕಿದಳು. ಅವತ್ತಿನಿಂದ ನಮ್ಮ ಮನೆಗೆ ಹೆದರಿಕೆ ಬಂದು ಕುಳಿತಿತು. ನೋಡಿದವರ ಲೈಕು, ಕಾಮೆಂಟು ಲೆಕ್ಕ ಹಾಕಿ ಹನ್ನೆರಡು ಜನರನ್ನು ಮುಂದಿನ ಸುತ್ತಿಗೆ ಆರಿಸುತ್ತಾರೆ ಎಂದು ಮಗಳು ಹೇಳಿದ್ದಳು. ಇವರು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಅದರ ಸುತ್ತ ಓಡಾಡುತ್ತಿದ್ದರು. ಒಮ್ಮೆ ಧೈರ್ಯ ಮಾಡಿ ತೆರೆದರು. ಮೊದಲು ಕಣ್ಣಿಗೆ ಬಿದ್ದದ್ದೇ, "ಈ ದನಿ ಕೇಳಲಾರದೆ ಲಿಫ್ಟೇ ಕೆಳಗಿಳಿದು ಹೋಯ್ತು" ಎಂಬ ಮಾತು.

ನಾನು ಓದಿ ನಕ್ಕೆ. ಇವರು ನಗಲಿಲ್ಲ. ಮರುದಿನ ಕೆಲಸದ ಕಡೆಯಿಂದ ಇವರ ಜೊತೆಯವನು ಫೋನ್ ಮಾಡಿ, "ಅಕ್ಕಾ, ರೇಡಿಯೊ ಯಾಕೆ ಬಂದ್ ಆಗಿದೆ?" ಎಂದು ಕೇಳಿದ. ಬಾವಿಯೊಳಗೂ ಹಾಡುತ್ತಿಲ್ಲವಂತೆ. ಊಟಕ್ಕೆ ಕೂತರೆ ಎರಡು ತುತ್ತಿಗೆ ಕೈ ತೊಳೆಯುತ್ತಿದ್ದರು. ನನಗೆ ಕೋಪ ಬಂತು. ಮುಖ ಮೂತಿ ಗೊತ್ತಿಲ್ಲದವರು ಕೂತಲ್ಲಿಂದ ಕಲ್ಲೆಸೆಯುವುದು, ಈ ಮನುಷ್ಯ ಅನ್ನ ಬಿಡುವುದು, ಇದ್ಯಾವ ನ್ಯಾಯ?

"ಇನ್ಮೇಲೆ ನೀವು ನೋಡಬೇಡಿ. ನಾನು ನೋಡ್ಕೋತೀನಿ" ಎಂದೆ.

ಮಗಳ ಖಾತೆಯನ್ನು ನನ್ನ ಫೋನಿನಲ್ಲೂ ತೆರೆಸಿಕೊಂಡು, ಕಾಮೆಂಟ್ ಅಳಿಸುವುದು ಹೇಗೆಂದು ಕೇಳಿಕೊಂಡೆ. ಬಸ್ಸಿನಲ್ಲಿ, ಅಂಗಡಿಯ ಕೌಂಟರಿನಲ್ಲಿ, ಹಾಲು ಕಾಯಿಸುವಾಗ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ಹೊಗಳಿದ್ದು ಉಳಿಯಿತು, ತೆಗಳಿದ್ದು ಹೋಯಿತು. ಉದ್ದದ ಕಾಮೆಂಟಾದರೆ ಫೋನು ಮೊದಲ ಸಾಲಷ್ಟೇ ತೋರಿಸುತ್ತದೆ, ಮಿಕ್ಕಿದ್ದು ಬೇಕಾದರೆ ಒತ್ತಿ ಬಿಡಿಸಬೇಕು. ನಾನು ಬಿಡಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಮೊದಲ ಸಾಲಿನ ಧಾಟಿಯಲ್ಲೇ ಮನುಷ್ಯನ ಬುದ್ಧಿ ತಿಳಿಯುತ್ತದೆ ಎಂದುಕೊಂಡಿದ್ದೆ.

ಶುಕ್ರವಾರ ಒಬ್ಬರು ಬರೆದಿದ್ದರು. ಹೆಸರಿನ ಜಾಗದಲ್ಲಿ ಎರಡು ಅಕ್ಷರ, ಮುಖದ ಜಾಗದಲ್ಲಿ ಹೂಕುಂಡದ ಚಿತ್ರ. "ನಿಮ್ಮ ಹಾಡನ್ನು ನನಗೆ ಪೂರ್ತಿ ಕೇಳಲಾಗಲಿಲ್ಲ" ಎಂದು ಶುರು. ಅಳಿಸಿದೆ. ಶನಿವಾರ ಮತ್ತೆ ಅದೇ ಹೂಕುಂಡ. "ನಿನ್ನೆ ಬರೆದದ್ದನ್ನು ಅಳಿಸಿದ್ದೀರಿ, ಆದರೂ ಬರೆಯುತ್ತೇನೆ." ಎಂಥ ಜಿಗುಟು ಪ್ರಾಣಿ ಎಂದು ಬೈದುಕೊಂಡು ಅಳಿಸಿದೆ. ಸೋಮವಾರ, ಅಂಗಡಿಯಲ್ಲಿ ಒಬ್ಬರಿಗೆ ಗೋಡೆಯ ಮೇಲಿನ ಅಕ್ಷರ ಓದಿಸುತ್ತಿದ್ದಾಗ ಮೂರನೆಯದು ಬಂತು. "ಹಾಡು ಆಮೇಲೆ ಹಾಡಬಹುದು ಸ್ವಾಮಿ." ಗಿರಾಕಿ ಕೊನೆಯ ಸಾಲಿಗೆ ಬರುವುದರೊಳಗೆ ಅದನ್ನೂ ತೆಗೆದುಹಾಕಿದ್ದೆ.

ಅಂದು ಸಂಜೆ ಇವರು ಕೇಳಿದರು. "ಯಾರಾದ್ರೂ ಏನಾದ್ರೂ ಅಂದ್ರಾ?"

"ಎಲ್ಲಾ ಹೊಗಳಿದಾರೆ ಕಣ್ರೀ" ಎಂದೆ. ಅವತ್ತು ಹೊಟ್ಟೆ ತುಂಬ ಉಂಡರು. ನನಗೆ ಎಂಥದೋ ಗೆದ್ದ ಹಾಗಿತ್ತು.

ಮಂಗಳವಾರ ಬೆಳಿಗ್ಗೆ ಮಗಳು ಕುಣಿದುಕೊಂಡು ಬಂದಳು. ಹನ್ನೆರಡರಲ್ಲಿ ಅಪ್ಪನ ಹೆಸರಿತ್ತು. ಮುಂದಿನ ಸುತ್ತಿಗೆ ಒಂದು ಷರತ್ತು. ನೋಡುಗರ ಐದು ಮಾತುಗಳನ್ನು ಆರಿಸಿಕೊಂಡು ಕ್ಯಾಮೆರಾ ಮುಂದೆ ಓದಿ ಉತ್ತರ ಕೊಡಬೇಕು. ಐದರಲ್ಲಿ ಒಂದಾದರೂ ಟೀಕೆ ಇರಲೇಬೇಕು.

"ಅಮ್ಮಾ, ಒಂದೂ ಟೀಕೆ ಇಲ್ವಲ್ಲ ಇಲ್ಲಿ" ಎಂದಳು ಪುಟ ನೋಡಿ.

"ಎಲ್ಲಾ ಗುಡಿಸಿ ಹಾಕಿದೀನಿ" ಎಂದೆ, ಹೆಮ್ಮೆಯಿಂದಲೇ.

"ಪರವಾಗಿಲ್ಲ. ಬಂದ ಕಾಮೆಂಟೆಲ್ಲ ನನ್ನ ಮೇಲ್‌ಗೂ ಒಂದೊಂದು ಕಾಪಿ ಬಂದಿರುತ್ತೆ. ನಾನು ನೋಡೇ ಇಲ್ಲ." ತಿಂಡಿಯ ತಟ್ಟೆ ಪಕ್ಕಕ್ಕೆ ಸರಿಸಿ ಹುಡುಕಿದಳು. ಸಿಕ್ಕಿತು. ಅಪ್ಪನಿಗೆ ಕೇಳಲೆಂದು ಜೋರಾಗಿ ಓದತೊಡಗಿದಳು.

"ಹಾಡು ಆಮೇಲೆ ಹಾಡಬಹುದು ಸ್ವಾಮಿ. ನಾನು ಮೂವತ್ತು ವರ್ಷ ಲಿಫ್ಟ್ ಕೆಲಸ ಮಾಡಿ ನಿವೃತ್ತನಾದವನು. ವಿಡಿಯೊದ ಕೊನೆಯಲ್ಲಿ ಬಾಗಿಲು ಮುಚ್ಚುತ್ತದೆ. ಪೂರ್ತಿ ಕತ್ತಲಾಗುವ ಮುಂಚೆ ಚೌಕಟ್ಟಿನ ಮೇಲೆ ಕೆಂಪು ವೈರ್ ಹಾಗೇ ಕಾಣುತ್ತದೆ. ಆಮೇಲೆ ತೆಗೆದಿರಾ? ತೆಗೆದಿದ್ದರೆ ಒಂದು ಮಾತು ಬರೆಯಿರಿ, ಸುಮ್ಮನಾಗುತ್ತೇನೆ. ಇಲ್ಲದಿದ್ದರೆ ಈಗಲೇ ಹೋಗಿ. ಇದು ಮೂರನೇ ಸಲ ಬರೆಯುತ್ತಿರುವುದು. ದಯವಿಟ್ಟು ಫೋನ್ ಮಾಡಿ." ಕೆಳಗೆ ನಂಬರಿತ್ತು.

ಮಗಳ ದನಿ ಕೊನೆಯ ಸಾಲುಗಳಿಗೆ ಬರುವಷ್ಟರಲ್ಲಿ ಸಣ್ಣಗಾಗಿತ್ತು. ಇವರ ಕೈಯ ತುತ್ತು ತಟ್ಟೆಗೂ ಬಾಯಿಗೂ ನಡುವೆ ನಿಂತಿತ್ತು. ತಮ್ಮ ಎಡಗೈ ನೋಡಿಕೊಂಡರು. ಬಲಗೈ ನೋಡಿಕೊಂಡರು.

"ಆವತ್ತು ವಾಚ್ ಎಲ್ಲಿತ್ತು?"

"ನನ್ನ ಬ್ಯಾಗಲ್ಲಿ" ಎಂದೆ.

"ವೈರ್ ತೆಗೆದ ನೆನಪಿಲ್ಲ ನನಗೆ" ಎಂದರು. ಇನ್ನೊಮ್ಮೆ, ತಮಗೇ ಹೇಳಿಕೊಳ್ಳುವ ಹಾಗೆ, "ತೆಗೆದ ನೆನಪೇ ಇಲ್ಲ" ಎಂದರು. ಭಾನುವಾರದಿಂದ ಒಂಬತ್ತು ದಿನ.

ಇವರು ಕಟ್ಟಡದ ವಾಚ್‌ಮನ್‌ಗೆ ಫೋನ್ ಹಚ್ಚಿದರು, ರಿಂಗಾಗಿ ರಿಂಗಾಗಿ ನಿಂತಿತು. ಕಂಪನಿಯ ಆಫೀಸು ತೆರೆಯುವುದು ಹತ್ತಕ್ಕೆ, ಆಗಿನ್ನೂ ಎಂಟೂಕಾಲು. ಮಗಳಿಗೆ ಫೋನ್ ಮಾಡುತ್ತಲೇ ಇರಲು ಹೇಳಿ ಚಪ್ಪಲಿ ಮೆಟ್ಟಿದರು. ನಾನು ಕೈಯನ್ನೂ ತೊಳೆಯದೆ ಸ್ಕೂಟರಿನ ಹಿಂದೆ ಹತ್ತಿದೆ.

ಇಪ್ಪತ್ತು ನಿಮಿಷದ ದಾರಿ. ಅಷ್ಟು ಉದ್ದದ ದಾರಿಯಲ್ಲಿ ನಾನು ಯಾವತ್ತೂ ಹೋಗಿಲ್ಲ. ಪ್ರತಿ ಸಿಗ್ನಲ್ಲಿನಲ್ಲೂ ಕೆಂಪು. ಆಂಬ್ಯುಲೆನ್ಸ್ ಒಂದು ಕೂಗುತ್ತಾ ಎದುರಿನಿಂದ ಬಂದು ಹೋಯಿತು. ಅದು ಆ ಕಟ್ಟಡದಿಂದಲೇ ಬಂದದ್ದು ಎಂದು ನನ್ನ ತಲೆ ತೀರ್ಮಾನಿಸಿಬಿಟ್ಟಿತು. ಕಟ್ಟಡದ ಮುಂದೆ ಜನ ಸೇರಿದ್ದಾರೆ, ಪೊಲೀಸರು ಬಂದಿದ್ದಾರೆ, ಇವರನ್ನು ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದಾರೆ, ಎಲ್ಲ ಕಣ್ಣಿಗೆ ಕಟ್ಟಿತು. ಆಮೇಲೆ ಆ ಅಜ್ಜಿ ಕಣ್ಣ ಮುಂದೆ ಬಂದರು. ಗೋಡೆ ಹಿಡಿದುಕೊಂಡು ನಡೆಯುವ ಅಜ್ಜಿ. ಕೈಗೆ ಹಿಡಿ ಸಿಕ್ಕಿದರೆ ಎಳೆಯುತ್ತಾರೆ, ಎಳೆದರೆ ಕಾಲಿಡುತ್ತಾರೆ. ನೋಡಿ ಇಡುವ ಕಾಲಲ್ಲ ಅದು.

"ಮೂರು ಸಲ ಬರೆದ್ರು ಕಣ್ರೀ ಅವರು" ಎಂದೆ ಇವರ ಬೆನ್ನಿಗೆ. "ಮೂರೂ ನಾನೇ ಅಳಿಸಿದೆ. ಶುಕ್ರವಾರವೇ ಓದಿದ್ರೆ—"

"ಸುಮ್ನೆ ಕೂತ್ಕೋ" ಎಂದರು. ಇವರ ಬೆನ್ನು ನಡುಗುತ್ತಿತ್ತು. ಸ್ಕೂಟರಿನ ನಡುಕವಲ್ಲ, ನನಗೆ ವ್ಯತ್ಯಾಸ ಗೊತ್ತು.

ಕಟ್ಟಡದ ಮುಂದೆ ಯಾರೂ ಸೇರಿರಲಿಲ್ಲ. ವಾಚ್‌ಮನ್ ಹಿಂದುಗಡೆ ಯಾರದೋ ಕಾರು ತೊಳೆಯುತ್ತಿದ್ದ, ಫೋನು ಅವನ ಕುರ್ಚಿಯ ಮೇಲೆ ಮಿನುಗುತ್ತಿತ್ತು. ಕೆಳಗೆ ಇಬ್ಬರು ಲಿಫ್ಟಿಗೆ ಕಾಯುತ್ತಿದ್ದರು. ಲಿಫ್ಟು ಮೇಲೆಲ್ಲೋ ಓಡುತ್ತಿತ್ತು. "ಯಾರೂ ಹತ್ತಬೇಡಿ, ಲಿಫ್ಟ್ ಕೆಟ್ಟಿದೆ" ಎಂದು ಇವರು ಕೂಗಿದ ದನಿಗೆ ಆ ಇಬ್ಬರೂ ಎರಡು ಹೆಜ್ಜೆ ಹಿಂದೆ ಸರಿದರು. ಮೇನ್ ಸ್ವಿಚ್ ಇರುವುದು ತಾರಸಿಯ ಮೇಲಿನ ಮೆಷಿನ್ ರೂಮಿನಲ್ಲಿ. ಮೆಟ್ಟಿಲು ಹತ್ತುತ್ತಾ ನನಗೆ ಹೇಳಿದರು. "ನಾಲ್ಕರ ಬಾಗಿಲಿಗೆ ಅಡ್ಡ ನಿಂತ್ಕೋ. ನಾನು ಬರೋ ತನಕ ಯಾರನ್ನೂ ಮುಟ್ಟೋಕೆ ಬಿಡಬೇಡ. ನೀನೂ ಮುಟ್ಟಬೇಡ."

ನಾಲ್ಕನೇ ಮಹಡಿಗೆ ಬರುವಷ್ಟರಲ್ಲಿ ನನಗೆ ಉಸಿರಿರಲಿಲ್ಲ. ಇವರು ನನ್ನನ್ನು ದಾಟಿ ಮೇಲಕ್ಕೆ ಓಡಿದರು. ಮೊಗಸಾಲೆಯಲ್ಲಿ ಯಾರೂ ಇಲ್ಲ. ಬಾಗಿಲು ಮುಚ್ಚಿದ ಹಾಗೇ ಕಾಣುತ್ತಿತ್ತು. ಹತ್ತಿರ ಹೋಗಿ ನೋಡಿದೆ. ಚಿಲಕದ ಬದಿಗೆ ಬೆರಳಗಲದ ಸಂದು. ಸಂದಿನೊಳಗೆ ಕತ್ತಲು. ಆ ಕತ್ತಲಲ್ಲಿ ಹಗ್ಗಗಳು ಮೇಲಿಂದ ಕೆಳಕ್ಕೆ ಓಡುತ್ತಿದ್ದವು. ಬಾಗಿಲು ತೆರೆದೇ ಇದೆ, ಲಿಫ್ಟ್ ಓಡುತ್ತಲೇ ಇದೆ.

ವೈರ್ ಅಲ್ಲೇ ಇದೆ ಎನ್ನಲು ನೋಡಬೇಕಾಗಿಯೇ ಇರಲಿಲ್ಲ. ನಾನು ಬಾಗಿಲ ಮುಂದೆ ಎರಡು ಕೈ ಚಾಚಿ ನಿಂತೆ. ಬೆನ್ನ ಹಿಂದೆ, ಸಂದಿನಿಂದ, ತಣ್ಣನೆಯ ಗಾಳಿ ಸೊಂಟಕ್ಕೆ ತಾಗುತ್ತಿತ್ತು. ಅಳು ಬಂತು. ಅಳಲು ಪುರಸೊತ್ತಿರಲಿಲ್ಲ, ಎದುರು ಮನೆಯ ಅಗುಳಿ ಸದ್ದಾಯಿತು.

ಅಜ್ಜಿ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈ ಗೋಡೆಯ ಮೇಲೆ. ಗೋಡೆ ಸವರುತ್ತಾ ನೇರ ನನ್ನ ಕಡೆಗೇ ಬಂದರು. ಕೋಲು ನನ್ನ ಕಾಲಿಗೆ ತಾಗಿತು.

"ಯಾರು? ಸ್ವಲ್ಪ ಸರಿಯಮ್ಮಾ. ಕೆಳಗೆ ಹೋಗಬೇಕು, ಮೊಮ್ಮಗಳು ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಗೇಟಿನ ಹತ್ತಿರ ಕಾಯ್ತಿದಾಳೆ."

"ಲಿಫ್ಟ್ ಕೆಟ್ಟಿದೆ ಅಜ್ಜಿ. ಹೋಗೋ ಹಾಗಿಲ್ಲ."

"ಕೆಟ್ಟಿಲ್ಲಮ್ಮಾ, ಓಡ್ತಿದೆ. ನನಗೆ ಕಣ್ಣು ಮಂಜು, ಕಿವಿ ಚೆನ್ನಾಗಿದೆ." ಕೈ ಚಾಚಿ ನನ್ನ ಭುಜ ಹಿಡಿದರು. "ನಡುಗ್ತಿದೀಯಲ್ಲ, ಯಾಕೆ?"

ಅಷ್ಟರಲ್ಲಿ ಬೆನ್ನ ಹಿಂದಿನ ಸದ್ದು ಒಮ್ಮೆಲೇ ನಿಂತಿತು. ಮೇಲೆ ಸ್ವಿಚ್ ಇಳಿಸಿದ್ದರು. ನಾನು ಬಾಗಿಲಿಗೆ ಅಡ್ಡವಾಗಿ ಅಲ್ಲೇ ನೆಲದ ಮೇಲೆ ಕುಳಿತೆ. ಅಜ್ಜಿಯೂ ಗೋಡೆಗೆ ಒರಗಿ ನಿಂತು, ಹೊತ್ತು ಕಳೆಯಲು ಮಾತಾಡುವವರ ಹಾಗೆ ಹೇಳಿದರು.

"ಈ ಬಾಗಿಲು ಮೊದಲು ಬಿಗಿ ಇತ್ತು. ಲಿಫ್ಟ್ ಬರೋ ತನಕ ಅಲ್ಲಾಡ್ತಿರಲಿಲ್ಲ. ಈಗ ಬೆಣ್ಣೆ ಹಾಗೆ ಬರುತ್ತೆ. ಮೊನ್ನೆ ಶನಿವಾರ ತೆಗೆದೆ ನೋಡು, ಮುಖಕ್ಕೆ ತಣ್ಣಗೆ ಗಾಳಿ ಬಂತು. ಕೋಲು ಮುಂದಿಟ್ಟೆ, ನೆಲ ಸಿಗಲಿಲ್ಲ. ಇನ್ನೂ ಕೆಳಗೆ ಬಿಟ್ಟೆ, ಸಿಗಲಿಲ್ಲ. ವಾಪಸ್ ಮನೆಗೆ ಹೋಗಿ ಮಲ್ಕೊಂಡೆ."

"ಯಾರಿಗೂ ಹೇಳಲಿಲ್ವಾ ಅಜ್ಜಿ?"

"ಏನಂತ ಹೇಳೋದು? ನನ್ನ ಕಣ್ಣಿಂದೇ ತಪ್ಪು ಅಂದ್ಕೊಂಡೆ. ಹೇಳಿದ್ರೆ ಇನ್ನು ಒಬ್ಬಳೇ ಹೊರಗೆ ಬಿಡಲ್ಲ ಅಂತಾರೆ."

ಶನಿವಾರ. ಎರಡನೇ ಕಾಮೆಂಟನ್ನು ನಾನು ಅಳಿಸಿದ ದಿನ. ಆವತ್ತು ಆ ಅಜ್ಜಿಯ ಕೈಯಲ್ಲಿ ಕೋಲಿಲ್ಲದಿದ್ದರೆ?

ಇವರು ಇಳಿದು ಬಂದರು. ನನ್ನನ್ನು ಪಕ್ಕಕ್ಕೆ ಕೂರಿಸಿ, ಒಂದು ಕೈಯಲ್ಲಿ ಗೋಡೆಯ ಕಂಬಿ ಹಿಡಿದು ಬಾಗಿಲು ತೆರೆದರು. ಮೇಲಕ್ಕೆ ಕೈ ಹಾಕಿ ಕಿತ್ತರು. ಗೇಣುದ್ದದ ಕೆಂಪು ವೈರ್. ಬಾಗಿಲು ಅದುಮಿ ಮುಚ್ಚಿ, ಸುತ್ತ ನೋಡಿದರು. ಅಜ್ಜಿಯನ್ನು ಬಿಟ್ಟರೆ ಮತ್ಯಾರೂ ಇರಲಿಲ್ಲ, ಅಜ್ಜಿಗೆ ಕಾಣುವಂತಿರಲಿಲ್ಲ.

ಇಲ್ಲಿ ನನ್ನ ಮಾತೊಂದನ್ನು ಬರೆಯಲೇಬೇಕು, ಮುಚ್ಚಿಟ್ಟರೆ ಇದೂ ಇನ್ನೊಂದು ಅಳಿಸಿದ ಹಾಗೆ. ನಾನು ಇವರ ಕಿವಿಯಲ್ಲಿ, "ಜೇಬಿಗೆ ಹಾಕ್ಕೊಳ್ಳಿ. ಯಾರಿಗೂ ಏನೂ ಆಗಿಲ್ಲ. ಹೋಗೋಣ" ಎಂದೆ. ಇವರ ಕೆಲಸ, ಮಗಳ ಓದು, ಊರವರ ಬಾಯಿ, ಎಲ್ಲ ಒಟ್ಟಿಗೆ ನೆನಪಾಗಿತ್ತು. ಸಾವಿನ ಭಯ ಹೋದ ಮರುಕ್ಷಣವೇ ಮರ್ಯಾದೆಯ ಭಯ ಬಂದು ಅದರ ಜಾಗದಲ್ಲಿ ಕುಳಿತಿತು.

ಇವರು ಜೇಬಿಗೆ ಹಾಕಲಿಲ್ಲ. ಅಜ್ಜಿಯ ಕೈ ಹಿಡಿದು ಅಂಗೈಯಲ್ಲಿ ವೈರ್ ಇಟ್ಟರು.

"ಅಜ್ಜಿ, ನಾನು ಅವತ್ತು ಹಾಡಿದವನು. ಶನಿವಾರ ನಿಮ್ಮ ಕಣ್ಣಿಂದೇನೂ ತಪ್ಪಿಲ್ಲ. ಬಾಗಿಲಿನ ಆಚೆ ನಿಜವಾಗ್ಲೂ ನೆಲ ಇರಲಿಲ್ಲ. ನಾನು ಇದನ್ನ ತೆಗೆಯೋಕೆ ಮರೆತು ಹೋಗಿದ್ದೆ."

ಅಜ್ಜಿ ವೈರನ್ನು ಈ ತುದಿಯಿಂದ ಆ ತುದಿಗೆ ಬೆರಳಲ್ಲಿ ಮುಟ್ಟಿ ನೋಡಿದರು. "ಇಷ್ಟು ಸಣ್ಣದಾ?" ಎಂದರು. ಬೈಯಲಿಲ್ಲ. "ನನ್ನ ಮೊಮ್ಮಗಳಿಗೂ ಇದನ್ನ ಹೇಳು. ನನ್ನ ಕಣ್ಣು ಸರಿ ಇದೆ ಅಂತ ಹೇಳು" ಎಂದರು. ಇವರೇ ಕೈ ಹಿಡಿದು ನಾಲ್ಕು ಮಹಡಿ ಇಳಿಸಿಕೊಂಡು ಹೋದರು. ಗೇಟಿನ ಹತ್ತಿರ ಮೊಮ್ಮಗಳು ಬೈದದ್ದನ್ನು ತಲೆ ಬಗ್ಗಿಸಿ ಕೇಳಿಸಿಕೊಂಡರು. ಅವಳು ಬೈದದ್ದರಲ್ಲಿ ಒಂದಕ್ಷರವೂ ಹೆಚ್ಚಿರಲಿಲ್ಲ.

ಹತ್ತು ಗಂಟೆಗೆ ಕಂಪನಿಗೆ ಹೋಗಿ ವೈರನ್ನು ಮ್ಯಾನೇಜರ ಮೇಜಿನ ಮೇಲಿಟ್ಟರು. ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರಬೇಡಿ ಎಂದು ಮ್ಯಾನೇಜರ್ ಹೇಳಿದರು. ಮನೆಗೆ ಬಂದು ಎರಡು ದಿನ ಗೋಡೆ ನೋಡುತ್ತಾ ಕುಳಿತವರು ಮೂರನೇ ದಿನ ಮಗಳನ್ನು ಕರೆದು, "ಐದು ಕಾಮೆಂಟಿಗೆ ಉತ್ತರ ಕೊಡಬೇಕಲ್ಲ, ತಗೊಂಡು ಬಾ ಫೋನು" ಎಂದರು.

"ಸ್ಪರ್ಧೆ ಬೇಡ ಬಿಡಿ ಅಪ್ಪಾ ಈಗ" ಎಂದಳು ಅವಳು.

"ಸ್ಪರ್ಧೆಗಲ್ಲ."

ಮೈಕು ಕಂಡರೆ ಓಡುವ ಮನುಷ್ಯ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು ಆ ಒಂದೇ ಕಾಮೆಂಟನ್ನು ಮೊದಲಿಂದ ಕೊನೆಯ ತನಕ ಓದಿದರು. ವೈರ್ ತೆಗೆದಿರಲಿಲ್ಲ, ಒಂಬತ್ತು ದಿನ ಇತ್ತು, ಯಾರ ಮನೆಯೂ ಹಾಳಾಗದೆ ಉಳಿದದ್ದು ನನ್ನ ಜಾಣತನದಿಂದಲ್ಲ ಎಂದರು. ನಾನು ಪಕ್ಕದಲ್ಲಿ ಕುಳಿತು, ಮೂರು ಸಲ ಬಂದದ್ದನ್ನು ಓದದೆ ಅಳಿಸಿದವಳು ನಾನು ಎಂದೆ.

ಆ ವಿಡಿಯೊ ಹಾಕಿದ ಮೇಲೆ ಬಂದ ಕಾಮೆಂಟುಗಳನ್ನು ಇಲ್ಲಿ ಬರೆಯುವುದಿಲ್ಲ. ಕೊಲೆಗಡುಕ ಎಂಬುದು ಅದರಲ್ಲಿ ಮೆತ್ತಗಿನದು. ವಾದ್ಯದಂಗಡಿಯವರು ನಮ್ಮ ಹೆಸರನ್ನು ಹನ್ನೆರಡರಿಂದ ತೆಗೆದರು, ಸರಿಯಾಗಿಯೇ ಮಾಡಿದರು. ಇವರು ಪ್ರತಿ ಸಂಜೆ ಕನ್ನಡಕ ಹಾಕಿಕೊಂಡು ಕುಳಿತು, ಮಡಿಸಿದ್ದನ್ನೆಲ್ಲ ಬಿಡಿಸಿ, ಒಂದೂ ಬಿಡದೆ ಓದುತ್ತಾರೆ. ನಾನು ಒಂದನ್ನೂ ಅಳಿಸಿಲ್ಲ.

ಆ ನಂಬರಿಗೆ ಫೋನ್ ಮಾಡಲು ನನಗೆ ಮತ್ತೂ ನಾಲ್ಕು ದಿನ ಬೇಕಾಯಿತು. ಅಳಿಸಿದವಳು ನಾನು, ನಾನೇ ಮಾಡಬೇಕಿತ್ತು. ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸ್ಪೀಕರ್ ಹಾಕಿ, ಒತ್ತಿದೆ. ವಯಸ್ಸಾದ ದನಿ. ನಾನು ಯಾರೆಂದು ಹೇಳಿ, ತಪ್ಪಾಯಿತು ಎಂದೆ.

"ವಿಡಿಯೊ ನೋಡಿದೆನಮ್ಮಾ. ಯಾರಿಗೂ ಏನೂ ಆಗಲಿಲ್ಲ ತಾನೆ?"

"ಇಲ್ಲ."

"ಅಷ್ಟು ಸಾಕು."

"ಮೂರು ಸಲ ಅಳಿಸಿದೆ ನಾನು. ನಿಮಗೆ ಬೇಜಾರಾಗಲಿಲ್ವಾ?"

"ನೀವು ಅಳಿಸಿದ್ದು ಗೊತ್ತಾಗ್ತಿತ್ತು. ನಾಲ್ಕನೇದು ಬರೆದು ಇಟ್ಕೊಂಡಿದ್ದೆ" ಎಂದರು. ಆಚೆ ಕಡೆ ಕುರ್ಚಿ ಎಳೆದ ಸದ್ದಾಯಿತು. "ನಾನೂ ಒಂದು ಮರೆತಿದ್ದೆನಮ್ಮಾ, ಇಪ್ಪತ್ತು ವರ್ಷದ ಹಿಂದೆ. ಎರಡನೇ ಮಹಡಿ. ನಾಲ್ಕು ದಿನ ಇತ್ತು. ನನಗೆ ಯಾರೂ ಬರೆದು ಹೇಳಲಿಲ್ಲ."

ನಾಲ್ಕನೇ ದಿನ ಏನಾಯಿತು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಇವರು ಕುರ್ಚಿಯನ್ನು ಫೋನಿನ ಹತ್ತಿರಕ್ಕೆ ಎಳೆದುಕೊಂಡರು. ಆಚೆಯವರೂ ಫೋನ್ ಇಡಲಿಲ್ಲ, ನಾವೂ ಇಡಲಿಲ್ಲ.